ಸಂದೇಹವೂ ಅಪವಾದವೂ

ಆಳುವವನು ಪರರಾಜ್ಯದ ಹಂಗಿಗೆ ಬಿದ್ದಿರುವನೇ ಎಂಬ ಪ್ರಶ್ನೆ ರಾಜ್ಯವ್ಯವಸ್ಥೆಯಷ್ಟೇ ಹಳೆಯದು. ಅರಸರ ಕಾಲದಲ್ಲಿ ಅದು ಮಂತ್ರಿ, ಸೇನಾಪತಿಗಳ ಬೆನ್ನು ಹತ್ತುತ್ತಿತ್ತು. ಪ್ರಜಾಪ್ರಭುತ್ವದಲ್ಲಿ ಚುನಾಯಿತ ಪ್ರತಿನಿಧಿಯ ಬೆನ್ನು ಹತ್ತಿದೆ. ಅಧಿಕಾರಸ್ಥರನ್ನು ಸಂದೇಹಿಸುವುದು ಪ್ರಜೆಯ ಕರ್ತವ್ಯವೆಂದು ಕೆಲವರು ಹೇಳುವರು. ಆಧಾರವಿಲ್ಲದೆ ಒಬ್ಬನನ್ನು ದ್ರೋಹಿ ಎನ್ನುವುದು ವಾಚಿಕ ಹಿಂಸೆಯೆಂದು ಇನ್ನು ಕೆಲವರು ಹೇಳುವರು. ಎರಡು ಮಾತಿನಲ್ಲಿಯೂ ಸತ್ಯಾಂಶವಿದೆ. ಸಂದೇಹ ಎಲ್ಲಿಯವರೆಗೆ ಧರ್ಮ, ಎಲ್ಲಿಂದ ಮುಂದೆ ಅಪವಾದ ಎಂಬುದು ವಿಚಾರಣೀಯ.

ಅಮೆರಿಕದ 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಷ್ಯಾ ಕೈಯಾಡಿಸಿತು, ಡೊನಾಲ್ಡ್ ಟ್ರಂಪ್ ಅವರ ಪ್ರಚಾರ ತಂಡ ಅದರೊಡನೆ ಸೇರಿಕೊಂಡಿತ್ತು ಎಂಬ ಗುಮಾನಿ ಆ ದೇಶವನ್ನು ವರ್ಷಗಟ್ಟಲೆ ಕಲಕಿತು. ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಅವರ ವರದಿ 2019ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ರಷ್ಯಾ ವ್ಯಾಪಕವಾಗಿ ಹಸ್ತಕ್ಷೇಪ ಮಾಡಿದ್ದು ನಿಜವೆಂದು ಅದು ಹೇಳಿತು. ಪ್ರಚಾರ ತಂಡದವರು ಆ ಸಂಚಿನಲ್ಲಿ ಪಾಲುಗೊಂಡರೆಂಬುದು ಸ್ಥಾಪಿತವಾಗಲಿಲ್ಲವೆಂದೂ ಹೇಳಿತು. ಒಂದು ಪಕ್ಷದವರು ಮೊದಲ ವಾಕ್ಯವನ್ನಷ್ಟೇ ಓದಿದರು, ಮತ್ತೊಂದು ಪಕ್ಷದವರು ಎರಡನೆಯದನ್ನಷ್ಟೇ ಓದಿದರು. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವ ತಾಳ್ಮೆ ಬಹುಜನರಿಗೆ ಇರಲಿಲ್ಲ. ವಸ್ತುವನ್ನು ಒಂದೇ ಮಗ್ಗುಲಿನಿಂದ ನೋಡಿ ಇದಿಷ್ಟೇ ಸತ್ಯವೆಂದು ಸಾಧಿಸುವ ಏಕಾಂತದೃಷ್ಟಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಇಂತಹುದು ಹೊರದೇಶದಲ್ಲಿ ಮಾತ್ರ ನಡೆಯುವುದೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆ 1991ರಲ್ಲಿ ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯೊಡನೆ ಕ್ರಯೋಜೆನಿಕ್ ಎಂಜಿನ್ನಿನ ಒಪ್ಪಂದ ಮಾಡಿಕೊಂಡಿತು. 1992ರಲ್ಲಿ ಅಮೆರಿಕ ಎರಡು ಸಂಸ್ಥೆಗಳ ಮೇಲೂ ನಿರ್ಬಂಧ ಹೇರಿತು. 1993ರಲ್ಲಿ ರಷ್ಯಾ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿಯಿತು. ಮರುವರ್ಷದ ಅಕ್ಟೋಬರ್‌ನಲ್ಲಿ ತಿರುವನಂತಪುರದಲ್ಲಿ ಮಾಲ್ಡೀವ್ಸ್ ದೇಶದ ಮಹಿಳೆಯೊಬ್ಬಳ ಬಂಧನವಾಯಿತು. ಅಲ್ಲಿಂದ ಆರಂಭವಾದ ಕಥೆ ರಾಕೆಟ್ ರಹಸ್ಯಗಳ ಮಾರಾಟದವರೆಗೆ ಬೆಳೆಯಿತು. ಕ್ರಯೋಜೆನಿಕ್ ಯೋಜನೆಯ ಹೊಣೆ ಹೊತ್ತಿದ್ದ ವಿಜ್ಞಾನಿ ನಂಬಿ ನಾರಾಯಣನ್ 1994ರ ನವೆಂಬರ್ 30ರಂದು ಬಂಧಿತರಾಗಿ 50 ದಿನ ಸೆರೆಯಲ್ಲಿದ್ದರು. ಆರೋಪಿಗಳಲ್ಲಿ ಬೆಂಗಳೂರಿನ ನಂಟುಳ್ಳವರೂ ಇದ್ದರು.

ಸಂದೇಹದ ಕಿಡಿ ರಾಜಕಾರಣಕ್ಕೂ ಹಾರಿತು. ಪ್ರಕರಣದಲ್ಲಿ ಹೆಸರು ಕೇಳಿಬಂದ ಪೊಲೀಸ್ ಅಧಿಕಾರಿಯನ್ನು ರಕ್ಷಿಸಿದರೆಂಬ ಆಪಾದನೆಯ ಗದ್ದಲದಲ್ಲಿ, ಸ್ವಪಕ್ಷದವರ ಒತ್ತಡಕ್ಕೂ ಸಿಕ್ಕಿ, ಕೇರಳದ ಮುಖ್ಯಮಂತ್ರಿ ಕೆ. ಕರುಣಾಕರನ್ 1995ರ ಮಾರ್ಚ್‌ನಲ್ಲಿ ಪದತ್ಯಾಗ ಮಾಡಿದರು. ಆರೋಪಕ್ಕೆ ಆಧಾರವಿಲ್ಲವೆಂಬ ಸಿಬಿಐ ವರದಿ 1996ರಲ್ಲಿ ನ್ಯಾಯಾಲಯಕ್ಕೆ ಬಂತು. ಮರುತನಿಖೆಯ ಪ್ರಯತ್ನವನ್ನು 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ತೀರ್ಪು ಹೊರಬಿದ್ದುದು 2018ರ ಸೆಪ್ಟೆಂಬರ್ 14ರಂದು. ಬಂಧನದ ಸುದ್ದಿ ಒಂದೇ ಹಗಲಿನಲ್ಲಿ ದೇಶ ಸುತ್ತಿತು. ಅಪವಾದದ ಕಲೆ ತೊಳೆಯಲು ಸುಮಾರು 24 ವರ್ಷ ಬೇಕಾಯಿತು. ಆ ವೇಳೆಗೆ ಕರುಣಾಕರನ್ ಬದುಕಿರಲಿಲ್ಲ.

ಹಾಗೆಂದು ಸಂದೇಹವೇ ಪಾಪವೆನ್ನಲಾಗದು. 1985ರ ಜನವರಿಯಲ್ಲಿ ದೆಹಲಿಯ ಪ್ರಧಾನಮಂತ್ರಿ ಕಾರ್ಯಾಲಯದಿಂದಲೇ ಗುಪ್ತ ಕಾಗದಗಳು ವಿದೇಶೀಯರ ಕೈಸೇರುತ್ತಿದ್ದುದು ಬಯಲಾಯಿತು. ಅಂದು ಯಾರೂ ಶಂಕಿಸದಿದ್ದರೆ ಸೋರಿಕೆ ನಿಲ್ಲುತ್ತಿರಲಿಲ್ಲ. ಅಲ್ಲಿ ಪ್ರಧಾನ ಕಾರ್ಯದರ್ಶಿಯಾಗಿದ್ದ ಪಿ. ಸಿ. ಅಲೆಕ್ಸಾಂಡರ್ ತಮ್ಮ ಅಧೀನದವರ ತಪ್ಪಿಗೆ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಕಾವಲುಗಾರನ ಎಚ್ಚರ ಇರಲೇಬೇಕು. ಆದರೆ ಕಾವಲುಗಾರ ಕಂಡವರನ್ನೆಲ್ಲ ಕಳ್ಳರೆಂದು ಕೂಗತೊಡಗಿದರೆ ಊರು ನಿದ್ರೆಗೆಡುವುದೇ ಹೊರತು ಕಳ್ಳ ಸಿಗುವುದಿಲ್ಲ.

ಹಾಗಾದರೆ ಭೇದವೇನು? ಸಾತ್ತ್ವಿಕ ಸಂದೇಹ ಪ್ರಶ್ನೆಯ ರೂಪದಲ್ಲಿರುತ್ತದೆ. ಉತ್ತರ ಕೊಡಬಲ್ಲವರ ಮುಂದೆಯೇ ಹೋಗಿ ಕೇಳುತ್ತದೆ. ಸಮರ್ಪಕವಾದ ಉತ್ತರ ಬಂದಾಗ ಶಮನಗೊಳ್ಳುತ್ತದೆ. ಅಪವಾದ ತೀರ್ಪಿನ ರೂಪದಲ್ಲಿರುತ್ತದೆ; ಬೆನ್ನ ಹಿಂದೆ ಸಂಚರಿಸುತ್ತದೆ; ಯಾವ ಉತ್ತರದಿಂದಲೂ ತೃಪ್ತಿಗೊಳ್ಳದೆ, ಸಾಕ್ಷ್ಯವಿಲ್ಲದಿರುವುದನ್ನೇ ಹೊಸ ಸಾಕ್ಷ್ಯವಾಗಿ ಮಾಡಿಕೊಳ್ಳುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಸತ್ಯಾಣುವ್ರತದ ಅತಿಚಾರಗಳಲ್ಲಿ ಪರಿವಾದ, ಪೈಶುನ್ಯ, ಕೂಟಲೇಖಗಳನ್ನು ಎಣಿಸುತ್ತದೆ. ನಿಂದೆ, ಚಾಡಿ, ಸುಳ್ಳು ಬರಹ ಇವು ಸುಳ್ಳುಹೇಳಿಕೆಯ ಸಾಲಿನಲ್ಲಿಯೇ ನಿಂತಿರುವುದು ಗಮನಾರ್ಹ. ಅಪವಾದವನ್ನು ಸೃಷ್ಟಿಸಿದವನಂತೆ ಅದನ್ನು ಹೊತ್ತು ತಂದವನೂ ದೋಷಭಾಗಿ.

ಇನ್ನೊಂದು ಸಂಗತಿಯೂ ಇದೆ. ಗೂಢಚಾರರ ರೋಚಕ ಕಥೆಗೆ ಕಿವಿಗೊಡುವ ಜನ ಹಗಲು ಬೆಳಕಿನಲ್ಲಿ ನಡೆಯುವುದನ್ನು ಕಾಣುವುದಿಲ್ಲ. ಕಾಂಗ್ರೆಸ್ ಮತ್ತು ಭಾರತೀಯ ಜನತಾ ಪಕ್ಷಗಳೆರಡೂ ವಿದೇಶಿ ಮೂಲದ ದೇಣಿಗೆ ಪಡೆದು ಕಾನೂನು ಮೀರಿವೆಯೆಂದು ದೆಹಲಿ ಉಚ್ಚ ನ್ಯಾಯಾಲಯ 2014ರ ಮಾರ್ಚ್‌ನಲ್ಲಿ ತೀರ್ಪಿತ್ತಿತು. ಅನಂತರ ಹಣಕಾಸು ಅಧಿನಿಯಮಗಳ ಮೂಲಕ ವಿದೇಶಿ ಮೂಲವೆಂಬುದರ ಅರ್ಥವನ್ನೇ ಸಡಿಲಿಸಲಾಯಿತು. 2018ರಲ್ಲಿ ಆ ಸಡಿಲಿಕೆ 1976ರಷ್ಟು ಹಿಂದಕ್ಕೂ ಅನ್ವಯವಾಯಿತು. ಆ ವರ್ಷದ ಹಣಕಾಸು ಮಸೂದೆಗೆ ಲೋಕಸಭೆ ಚರ್ಚೆಯಿಲ್ಲದೆಯೇ ಒಪ್ಪಿಗೆ ಕೊಟ್ಟಿತು. ದಾನಿಗಳ ಹೆಸರು ಮರೆಮಾಡುತ್ತಿದ್ದ ಚುನಾವಣಾ ಬಾಂಡ್ ಯೋಜನೆ 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಅದನ್ನು ಬೀಳಿಸಿದ್ದು ಗುಸುಗುಸು ಮಾತಲ್ಲ, ಲೆಕ್ಕ ಕೇಳಿದ ಅರ್ಜಿ.

ಬೆಟ್ಟದಪುರದ ಸುತ್ತಲಿನ ಬದುಕಿಗೂ ಇದು ಸಲ್ಲುತ್ತದೆ. ಪಿರಿಯಾಪಟ್ಟಣ, ಹುಣಸೂರು ಸೀಮೆಯ ಹೊಗೆಸೊಪ್ಪು ಹೊರದೇಶಗಳಿಗೂ ಹೋಗುತ್ತದೆ. ಹರಾಜಿನಲ್ಲಿ ದರ ಕುಸಿದರೆ, ಜನಪ್ರತಿನಿಧಿ ಕಂಪನಿಯವರಿಗೆ ಮಾರಿಕೊಂಡನೆಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಅದು ನಿಜವಿರಬಹುದು, ಇಲ್ಲದಿರಬಹುದು. ತಂಬಾಕು ಮಂಡಳಿಯಲ್ಲಿ ಹರಾಜಿನ ದಾಖಲೆ ಕೇಳಿ, ಪ್ರತಿನಿಧಿಯನ್ನು ಸಭೆಗೆ ಕರೆದು, ಬೆಲೆಯ ಬಗ್ಗೆ ಅವನು ಎಲ್ಲಿ ಏನು ಮಾತನಾಡಿದನೆಂದು ವಿಚಾರಿಸುವುದು ಧರ್ಮಮಾರ್ಗ. ಕೇಳದೆ ಆಡಿಕೊಳ್ಳುವುದರಿಂದ ನಿರ್ದೋಷಿಯ ಮಾನ ಹೋಗುತ್ತದೆ. ದೋಷಿಗೆ ಏನೂ ಆಗುವುದಿಲ್ಲ, ಏಕೆಂದರೆ ಎಲ್ಲರ ಮೇಲೂ ಕೆಸರು ಬಿದ್ದಾಗ ಕೆಸರಿನವನನ್ನು ಗುರುತಿಸುವವರಿಲ್ಲ.

ಬಸದಿಗಳ ವಿಶ್ವಸ್ತ ಮಂಡಲಿಗಳಲ್ಲಿಯೂ ಇದೇ ನ್ಯಾಯ. ವರ್ಷಕ್ಕೊಮ್ಮೆ ಜಮಾಖರ್ಚನ್ನು ಸಮಾಜದ ಮುಂದೆ ಓದುವ ಖಜಾಂಚಿಯನ್ನು ಶಂಕಿಸುವವರು ವಿರಳ. ಪುಸ್ತಕ ಮುಚ್ಚಿಟ್ಟವನು ಪ್ರಾಮಾಣಿಕನಾದರೂ ಅಪವಾದಕ್ಕೆ ಗುರಿಯಾಗುವನು. ಅಧಿಕಾರವುಳ್ಳವರು ಲೆಕ್ಕವನ್ನು ತೆರೆದಿಡಬೇಕು, ಪ್ರಶ್ನಿಸುವವರು ನಾಲಗೆಯನ್ನು ಹಿಡಿತದಲ್ಲಿಡಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಪರರಾಜ್ಯದ ಸಂಚು ಬೇಕಿಲ್ಲ. ಸಮಾಜ ತಾನಾಗಿಯೇ ಒಡೆಯುತ್ತದೆ.