ಕಾಕಾನ ಗಾಡಿ

ಹೋದ ತಪಸ್ಸುಕಾಲದ ಒಂದು ಶನಿವಾರ. ಮೊಮ್ಮಗಳ ಪ್ರಥಮ ಪರಮಪ್ರಸಾದಕ್ಕೆ ಬಿಳಿ ಫ್ರಾಕು, ಮುಸುಕು ತರಲೆಂದು ಮಹಾಗಾಂವದಿಂದ ಕಲಬುರಗಿಗೆ ಹೊರಟಿದ್ದೆವು. ಮನೆಯವಳಿಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ. ಆದ್ದರಿಂದ ಪರಿಚಯದವರೊಬ್ಬರ ಕಾರನ್ನು ದಿನಕ್ಕೆ 1,500 ರೂಪಾಯಿಯಂತೆ ಮಾತಾಡಿ ತಂದಿದ್ದೆವು. ಡೀಸೆಲ್ ನಮ್ಮದು, ನಡೆಸುವವನು ನನ್ನ ಮಗ.

ಹೆದ್ದಾರಿಯಲ್ಲಿ ಪೊಲೀಸರು ಕೈ ಮಾಡಿದರು. ನಾನು ಬೆಲ್ಟು ಹಾಕಿರಲಿಲ್ಲ. ಕಾಯ್ದೆಯಲ್ಲಿ ಅದಕ್ಕೆ 1,000 ರೂಪಾಯಿ ಇದ್ದದ್ದನ್ನು ಕರ್ನಾಟಕ ಸರ್ಕಾರ 2019ರಲ್ಲಿ 500ಕ್ಕೆ ಇಳಿಸಿದೆ. 500 ಕಟ್ಟಿ ರಸೀದಿ ಪಡೆದೆವು. ತಪ್ಪು ನನ್ನದು, ದಂಡವೂ ನನ್ನದು, ಅದರಲ್ಲಿ ತಕರಾರಿಲ್ಲ. ಆದರೆ ಆರ್.ಸಿ. ಕಾರ್ಡು ನೋಡುತ್ತ ಅವರು ಕೇಳಿದರು: “ಗಾಡಿ ಯಾರದ್ರೀ?”

“ನಮ್ಮ ಕಾಕಾಂದ್ರೀ,” ಎಂದ ಮಗ.

“ಬಾಡಿಗಿ ಗಾಡಿ ಅಲ್ಲಲ್ಲ?”

“ಇಲ್ರೀ ಸಾಹೇಬ್ರ.”

ಪಕ್ಕದಲ್ಲಿ ಕುಳಿತಿದ್ದ ನಾನೂ ತಲೆಯಾಡಿಸಿದೆ. ಕಾರ್ಡಿನಲ್ಲಿದ್ದ ಹೆಸರಿಗೂ ನಮ್ಮ ಹೆಸರಿಗೂ ಏನೇನೂ ಹೊಂದಿಕೆಯಿರಲಿಲ್ಲ. ಆದರೆ ನಮ್ಮ ಕಡೆ ಯಾರು ಯಾರಿಗೆ ಕಾಕಾ ಅಲ್ಲ? ಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಸೀಟಿನಿಂದ ಮೊಮ್ಮಗಳ ದನಿ ಬಂತು: “ಅಜ್ಜಾ, ಅಂವ ನಮಗ ಹ್ಯಾಂಗ ಕಾಕಾ ಆಗ್ತಾನ?” ಆ ವಾರವಷ್ಟೇ ಧರ್ಮೋಪದೇಶದ ತರಗತಿಯಲ್ಲಿ ಅವಳಿಗೆ ಎಂಟನೆಯ ಕಟ್ಟಳೆ ಕಲಿಸಿದ್ದರು. ಮೊದಲ ಪಾಪನಿವೇದನೆಗೆಂದು ನೋಟುಬುಕ್ಕಿನ ಹಾಳೆಯಲ್ಲಿ ತನ್ನ ತಪ್ಪುಗಳ ಪಟ್ಟಿ ಬರೆಯುತ್ತಿದ್ದಳು.

ಯಾರೂ ಉತ್ತರ ಕೊಡಲಿಲ್ಲ.

ಪ್ರಿಯ ಓದುಗರೇ, ನಮ್ಮ ಹಳ್ಳಿಗಳಲ್ಲಿ ಮದುವೆ, ದವಾಖಾನೆ, ಜಾತ್ರೆ ಎಂದರೆ ಇಂಥ ಗಾಡಿಯೇ. ಇದರಲ್ಲಿ ಕಾನೂನಿನ ಮಾತೇನು ಎಂದು ಯೋಚಿಸಿದವರು ಕಡಿಮೆ. ನಾನೂ ಯೋಚಿಸಿರಲಿಲ್ಲ. ಬಿಳಿ ಬೋರ್ಡಿನ ಗಾಡಿ ಸ್ವಂತ ಬಳಕೆಯದು, ಹಳದಿ ಬೋರ್ಡಿನದು ಟ್ಯಾಕ್ಸಿ. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರವಿದ್ದರೆ ಅದು ಗಿರಾಕಿಯೇ ನಡೆಸಿಕೊಂಡು ಹೋಗುವ ಬಾಡಿಗೆ ಕಾರು. ಹಾಗೆ ಬಾಡಿಗೆಗೆ ಕೊಡುವ ಲೈಸೆನ್ಸಿಗೆ ಕನಿಷ್ಠ 50 ಕಾರು ಇರಬೇಕೆಂದು ಕೇಂದ್ರ ಸರ್ಕಾರದ 1989ರ ಯೋಜನೆ ಹೇಳುತ್ತದೆ. ಮಹಾಗಾಂವದಲ್ಲಿ ಒಂದೇ ಕಾರು ಇಟ್ಟುಕೊಂಡವನು 50 ಎಲ್ಲಿಂದ ತರಬೇಕು?

ಬಿಳಿ ಬೋರ್ಡನ್ನು ಬಾಡಿಗೆಗೆ ಓಡಿಸಿದರೆ ಅದು ಪರ್ಮಿಟ್ ಇಲ್ಲದ ಓಡಾಟ. ಮೋಟಾರು ವಾಹನ ಕಾಯ್ದೆಯ 192ಎ ಕಲಮಿನಂತೆ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ನಡೆಸಿದವನೂ ಹೊಣೆ, ಕೊಟ್ಟವನೂ ಹೊಣೆ. ಗಾಡಿಯನ್ನೇ ತಡೆದಿಡುವ ಅಧಿಕಾರ ಬೇರೆ. ಅದೇ ಕಲಮಿನಲ್ಲಿ ಒಂದು ಕರುಣೆಯೂ ಇದೆ: ರೋಗಿಯನ್ನೋ ಗಾಯಾಳುವನ್ನೋ ತುರ್ತಾಗಿ ಸಾಗಿಸಿದ್ದರೆ ಅದು ಅಪರಾಧವಲ್ಲ, ಏಳು ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿದರಾಯಿತು. ರಾತ್ರಿ ಹಾವು ಕಚ್ಚಿದವನನ್ನು ಕಲಬುರಗಿಗೆ ಒಯ್ಯುವವರು ಯಾರಿಗೂ ಸುಳ್ಳು ಹೇಳಬೇಕಿಲ್ಲ. ಇದು ಎಲ್ಲರಿಗೂ ಗೊತ್ತಿರಬೇಕಾದ ಮಾತು. ಆದರೆ ಫ್ರಾಕು ತರುವುದು ತುರ್ತು ಕೆಲಸವಲ್ಲವಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಮಗ ವಾದ ಹೂಡಿದ. “ಅವ್ರಿಗಿ ನಾವು ಕಾಕಾ ಅಂತನೇ ಕರೀತೀವಲ್ಲ, ಸುಳ್ಳೇನದ? ನಿಜ ಹೇಳಿದ್ರ ಅವ್ರಿಗಿ ಹತ್ತು ಸಾವಿರ ಬೀಳ್ತಿತ್ತು. ಉಪಕಾರ ಮಾಡಿದವ್ರಿಗಿ ಹಂಗ ಮಾಡಬೇಕೇನು?”

ಮೊದಲನೆಯ ವಾದ ಹಳೆಯದು. ಬಾಯಲ್ಲಿ ಒಂದು ಹೇಳಿ, ಮನಸ್ಸಿನಲ್ಲಿ ಬೇರೆ ಅರ್ಥ ಇಟ್ಟುಕೊಂಡರೆ ಸುಳ್ಳಾಗದು ಎಂದು ಕೆಲವು ದೈವಶಾಸ್ತ್ರಿಗಳೇ ಹೇಳುತ್ತಿದ್ದ ಕಾಲವಿತ್ತು. 1679ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟರು ಅದನ್ನು ಖಂಡಿಸಿದರು. ಎರಡನೆಯ ವಾದ ಮಾತ್ರ ನನ್ನ ನಿದ್ದೆ ಕೆಡಿಸಿತು. ನೆರೆಯವನನ್ನು ಕಾಪಾಡಲು ಹೇಳಿದ ಸುಳ್ಳು ಪ್ರೀತಿಯ ಕೆಲಸವಲ್ಲವೇ?

ಸಂತ ಅಗಸ್ಟೀನರು ಸುಳ್ಳಿನ ಕುರಿತು ಬರೆದ ಗ್ರಂಥದಲ್ಲಿ ತಗಾಸ್ತೆಯ ಮೇತ್ರಾಣಿ ಫಿರ್ಮುಸರ ಪ್ರಸಂಗವಿದೆ. ತಮ್ಮ ಆಶ್ರಯಕ್ಕೆ ಬಂದವನೊಬ್ಬನನ್ನು ಅವರು ಬಚ್ಚಿಟ್ಟಿದ್ದರು. ಚಕ್ರವರ್ತಿಯ ಆಳುಗಳು ಬಂದು ಕೇಳಿದಾಗ, ತಾನು ಸುಳ್ಳನ್ನೂ ಹೇಳೆ, ಅವನನ್ನೂ ಒಪ್ಪಿಸೆ ಎಂದರು. ಚಿತ್ರಹಿಂಸೆಗೂ ಬಾಗಲಿಲ್ಲ. ಕೊನೆಗೆ ಚಕ್ರವರ್ತಿಯೇ ಮೆಚ್ಚಿ ಆ ಮನುಷ್ಯನಿಗೆ ಕ್ಷಮೆ ಕೊಟ್ಟ. ನೆರೆಯವನನ್ನು ಕಾಪಾಡಿದ್ದಕ್ಕೆ ಬೆಲೆ ತೆತ್ತದ್ದು ಫಿರ್ಮುಸರ ಸ್ವಂತ ಮೈ.

ನಮ್ಮ ಸುಳ್ಳಿಗೆ ಬೆಲೆ ತೆರುವವರು ಯಾರು? ಖಾಸಗಿ ಕಾರಿನ ವಿಮೆ ಬಾಡಿಗೆ ಬಳಕೆಗೆ ಸಲ್ಲದು ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಅಂದು ದಾರಿಯಲ್ಲಿ ಅಪಘಾತವಾಗಿದ್ದರೆ ವಿಮಾ ಕಂಪನಿ ಆ ಸಾಲನ್ನೇ ತೋರಿಸಿ ಕೈ ತೊಳೆದುಕೊಳ್ಳಬಹುದಿತ್ತು. ನ್ಯಾಯಾಲಯ ಮೊದಲು ಕಂಪನಿಯೇ ಕೊಡಲಿ ಎಂದಿದ್ದರೂ ಆಮೇಲೆ ಆ ಹಣವನ್ನು ‘ಕಾಕಾ’ನಿಂದ ವಸೂಲಿ ಮಾಡುತ್ತಿದ್ದರು. ಅದನ್ನು ತಪ್ಪಿಸಲು ನಾವು ಕಟಕಟೆಯಲ್ಲಿ ನಿಂತು, ಪ್ರಮಾಣ ಮಾಡಿ, ಅದೇ ಸುಳ್ಳನ್ನು ಮತ್ತೆ ಹೇಳಬೇಕಾಗುತ್ತಿತ್ತು. ಉಪಕಾರ ಮಾಡಿದವನಿಗಾಗಿ ಸುಳ್ಳು ಹೇಳಿದೆವು ಎನ್ನುತ್ತೇವೆ. ಅವನ ಹೊಲ ಮನೆಯನ್ನು, ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಮೊಮ್ಮಗಳನ್ನು ಅಪಾಯಕ್ಕೆ ಒಡ್ಡಿ ಬೆಳಿಗ್ಗೆ ಹೊರಟವರೂ ನಾವೇ. ಪೊಲೀಸರು ಕೈ ಮಾಡುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ನಿಜ ಹೇಳಿದರೆ ಅವನಿಗೆ ಪೆಟ್ಟು, ಸುಳ್ಳು ಹೇಳಿದರೆ ನಮ್ಮ ಆತ್ಮಸಾಕ್ಷಿಗೆ ಪೆಟ್ಟು ಎಂಬ ಇಕ್ಕಟ್ಟನ್ನು ಅವನ ಅಂಗಳದಲ್ಲಿ 1,500 ರೂಪಾಯಿ ಎಣಿಸುವಾಗಲೇ ನಾವು ಕೊಂಡುಕೊಂಡಿದ್ದೆವು.

ಮರುದಿನ ಪೂಜೆ ಮುಗಿಸಿ ಬಂದು ಅವನಲ್ಲಿಗೆ ಹೋದೆ. ವಿಮೆಯ ಮಾತು ಹೇಳಿದೆ. ಅವನಿಗೂ ಗೊತ್ತಿತ್ತು. “ತಿಂಗಳಿಗಿ ನಾಕು ಟ್ರಿಪ್ ಸಿಗ್ತಾವ. ಹಳದಿ ಬೋರ್ಡ್ ಮಾಡಿಸಿದ್ರ ಟ್ಯಾಕ್ಸು, ಪರ್ಮಿಟ್ಟು, ಇನ್ಶೂರೆನ್ಸು ಎಲ್ಲಾ ಕಟ್ಟಿ ನನಗೇನು ಉಳೀತದ, ನೀವೇ ಹೇಳ್ರಿ ಸರ್,” ಎಂದ. ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. 50 ಕಾರಿನವನಿಗೆ ಬಾಗಿಲು ತೆರೆದು ಒಂದು ಕಾರಿನವನಿಗೆ ಮುಚ್ಚುವ ನಿಯಮ ನನಗೂ ಸರಿ ಕಾಣುವುದಿಲ್ಲ. ಆದರೆ ಆ ನಿಯಮ ತಪ್ಪು ಎನ್ನುವುದನ್ನು ಶಾಸಕರ ಮುಂದೆ ಹೇಳಬೇಕಿತ್ತು. ನಾನು ಹೇಳಿದ್ದು ಪೊಲೀಸರ ಮುಂದೆ ಸುಳ್ಳು.

ಸಂಜೆ ಮೊಮ್ಮಗಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡೆ. “ಅಂವ ನಮಗ ಕಾಕಾ ಅಲ್ಲ. ನಿಮ್ಮಪ್ಪ ಸುಳ್ಳು ಹೇಳ್ದ, ನಾನೂ ಹೌದಂದೆ,” ಎಂದೆ. ಅವಳು ಬಹಳ ಹೊತ್ತು ಯೋಚಿಸಿದಳು. “ನಾನೂ ಸುಮ್ನ ಕುಂತಿದ್ದೆ. ನನ್ನ ಪಟ್ಟಿನಾಗ ಬರೀಲೇನು?” ಬೇಡ, ಅದು ನನ್ನ ಪಟ್ಟಿಯದು ಎಂದೆ. “ಅಪ್ಪಂದು?” ಎಂದಳು. ಅಪ್ಪನನ್ನೇ ಕೇಳು ಎಂದೆ. ಕೇಳಿದಳಂತೆ.

ಫ್ರಾಕು ದೊಡ್ಡದಾಗಿತ್ತು. ಬದಲಿಸಲು ಮುಂದಿನ ವಾರ ಮತ್ತೆ ಕಲಬುರಗಿಗೆ ಹೋದೆವು, ಈ ಸಲ ಬಸ್ಸಿಗೆ. ಕ್ರಾಸಿನಲ್ಲಿ ಬಿಸಿಲಿಗೆ ಮುಕ್ಕಾಲು ಗಂಟೆ ಕಾದೆವು. ಮನೆಯವಳನ್ನು ಇಬ್ಬರು ಹೆಂಗಸರು ಕೈಹಿಡಿದು ಹತ್ತಿಸಿದರು. 2023ರ ಜೂನಿನಿಂದ ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ್ದರಿಂದ ಕಂಡಕ್ಟರ್ ದುಡ್ಡು ಕೇಳಿದ್ದು ನನ್ನೊಬ್ಬನನ್ನೇ.