ತರಿಸಿಕೊಳ್ಳುವವನ ಹೊಣೆ

ಗೃಹಸ್ಥನೊಬ್ಬನು ಇಂತಿಷ್ಟು ಎಲ್ಲೆಯ ಆಚೆಗೆ ತಾನು ಹೋಗುವುದಿಲ್ಲವೆಂದು ವ್ರತ ತೊಟ್ಟಿದ್ದಾನೆ. ಅವನು ಮನೆಯಲ್ಲಿಯೇ ಕುಳಿತು, ಎಲ್ಲೆಯ ಆಚೆಗಿರುವ ವಸ್ತುವನ್ನು ಇನ್ನೊಬ್ಬನ ಕೈಯಿಂದ ತರಿಸಿಕೊಳ್ಳುತ್ತಾನೆ. ವ್ರತವು ಉಳಿಯಿತೇ, ಕೆಟ್ಟಿತೇ? ಈ ಪ್ರಶ್ನೆಯನ್ನು ನಮ್ಮ ಶಾಸ್ತ್ರಗಳು ಎತ್ತದೆ ಬಿಟ್ಟಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದೇಶವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತಾನು ಹೋಗದೆ ಆಳನ್ನು ಕಳುಹಿಸುವುದು ಪ್ರೇಷ್ಯಪ್ರಯೋಗ. ಆಚೆಯವರಿಗೆ ಕೇಳುವಂತೆ ಕೆಮ್ಮಿಯೋ ಕೂಗಿಯೋ ಕೆಲಸ ಸಾಧಿಸುವುದು ಶಬ್ದಾನುಪಾತ. ರೂಪವನ್ನು ತೋರಿಸಿ ಸಾಧಿಸುವುದು ರೂಪಾನುಪಾತ. ಹೆಂಟೆಯನ್ನೋ ಕಲ್ಲನ್ನೋ ಎಸೆದು ಸೂಚನೆ ಕೊಡುವುದು ಪುದ್ಗಲಕ್ಷೇಪ. ದೂರವಾಣಿಯಾಗಲಿ ಚಿತ್ರ ತೋರಿಸುವ ಗಾಜಿನ ಪರದೆಯಾಗಲಿ ಇಲ್ಲದ ಕಾಲದಲ್ಲಿ ಸೂತ್ರಕಾರರು ಮನುಷ್ಯನ ಜಾಣತನ ನುಸುಳುವ ಕಂಡಿಗಳನ್ನೆಲ್ಲ ಎಣಿಸಿಟ್ಟಿದ್ದರು.

ಇದನ್ನು ಇಂದು ನೆನೆಯಲು ಕಾರಣವಿದೆ. ಜಪಾನಿನಲ್ಲಿ 1996ರಲ್ಲಿ ಪೋಕೆಮಾನ್ ಎಂಬ ಆಟದ ಕಾರ್ಡುಗಳು ಮಾರಾಟಕ್ಕೆ ಬಂದವು. 1999ರಲ್ಲಿ ಯು-ಗಿ-ಓ ಎಂಬ ಮತ್ತೊಂದು ಬಗೆ ಬಂದಿತು. ಅಂಗೈಯಲ್ಲಿ ಅಡಗುವಷ್ಟು ದಪ್ಪ ಕಾಗದದ ಮೇಲೆ ಬಣ್ಣದ ಚಿತ್ರ, ಕೆಳಗೆ ಆಟದ ನಿಯಮದ ನಾಲ್ಕು ಸಾಲು, ಇಷ್ಟೇ ಅದರ ಸ್ವರೂಪ. ಮೊದಲು ಮಕ್ಕಳ ಆಟವಾಗಿದ್ದುದು ಬರಬರುತ್ತ ಬೆಳೆದವರ ಸಂಗ್ರಹವಾಯಿತು. ಜಪಾನಿನ ಪತ್ರಿಕೆಯೊಂದರ ಚಿತ್ರಸ್ಪರ್ಧೆಯಲ್ಲಿ ಬಹುಮಾನವಾಗಿ ಕೊಡಲಾಗಿದ್ದ ಒಂದು ಕಾರ್ಡು 2021ರಲ್ಲಿ 52 ಲಕ್ಷ 75 ಸಾವಿರ ಡಾಲರಿಗೆ ಕೈಬದಲಾಯಿತು. ಇಂಥ ಸುದ್ದಿಯನ್ನು ಓದಿದ ಮೇಲೆ ದೂರದ ಊರಿನ ಹುಡುಗರ ಮನಸ್ಸು ಅತ್ತ ಹರಿದರೆ ಆಶ್ಚರ್ಯವೇನು?

ಚಳ್ಳಕೆರೆಯ ಒಂದು ಶ್ರಾವಕ ಕುಟುಂಬದ ಯುವಕನಿಗೆ ಇಂಥ ಕಾರ್ಡಿನ ಮೇಲೆ ಆಸೆಯಾಯಿತೆಂದು ಭಾವಿಸಬಹುದು. ಜಪಾನಿನ ಅಂಗಡಿಗಳಲ್ಲಿ ಅನೇಕವು, ಹಳೆಯ ವಸ್ತುಗಳನ್ನು ಮಾರುವ ಅಲ್ಲಿನ ಗೃಹಸ್ಥರಲ್ಲಿ ಬಹುಮಂದಿ, ಹೊರದೇಶಕ್ಕೆ ಕಳುಹಿಸುವುದಿಲ್ಲ. ಆದುದರಿಂದ ಪರರ ಪರವಾಗಿ ಕೊಳ್ಳುವ ಮಧ್ಯವರ್ತಿ ಸಂಸ್ಥೆಗಳು ಅಲ್ಲಿ ಹುಟ್ಟಿಕೊಂಡಿವೆ. ಯುವಕನು ಇಂಥದು ಬೇಕೆಂದು ತಿಳಿಸಿ ಹಣ ಸಲ್ಲಿಸುತ್ತಾನೆ. ಸಂಸ್ಥೆಯು ತನ್ನ ಹೆಸರಿನಲ್ಲಿ ಕೊಂಡು ತನ್ನ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತದೆ. ನಾಲ್ಕಾರು ವಸ್ತುಗಳು ಕೂಡಿದ ಮೇಲೆ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ರವಾನಿಸುತ್ತದೆ. ಕಾರ್ಡಿನ ಬೆಲೆಯ ಮೇಲೆ ದಲಾಲಿ, ಅಲ್ಲಿನ ಸಾಗಣೆ, ಸಮುದ್ರದಾಚೆಯ ಸಾಗಣೆ, ಇಲ್ಲಿನ ಸುಂಕ ಇವೆಲ್ಲ ಸೇರುತ್ತವೆ. ಮಾರಿದವನಿಗೆ ಕೊಂಡವನು ಯಾರೆಂಬುದು ತಿಳಿಯದು, ಕೊಂಡವನಿಗೆ ಮಾರಿದವನ ಮುಖದ ಪರಿಚಯವಿಲ್ಲ.

ಚಳ್ಳಕೆರೆಯವರಿಗೆ ಈ ವ್ಯವಸ್ಥೆ ತೀರ ಅಪರಿಚಿತವೇನೂ ಅಲ್ಲ. ಎಣ್ಣೆಗಿರಣಿಗಳಿಂದ ಹೆಸರಾದ ಊರು ಅದು. ರೈತನ ಶೇಂಗಾ ಮಂಡಿಗೆ ಬಂದು, ದಲ್ಲಾಳಿಯ ಮೂಲಕ ಗಿರಣಿ ಸೇರುತ್ತಿತ್ತು. ದಲ್ಲಾಳಿಯು ಕೊಂಡವನ ಪರವಾಗಿ ನಿಂತು ಮಾತನಾಡಿದರೂ ತೂಕದಲ್ಲಿ ಮೋಸವಾದರೆ ಜನರು ಗಿರಣಿಯ ಯಜಮಾನನನ್ನು ಕೇಳದೆ ಬಿಡುತ್ತಿರಲಿಲ್ಲ. ನಡುವೆ ಒಬ್ಬನಿದ್ದಾನೆಂಬ ಕಾರಣದಿಂದ ಯಜಮಾನನು ನಿರ್ದೋಷಿಯೆಂದು ಊರು ಒಪ್ಪಲಾರದು. ಜಪಾನಿನ ಗೋದಾಮಿನ ವಿಷಯದಲ್ಲಿ ಮಾತ್ರ ಈ ವಿವೇಕ ಮಂಕಾಗುತ್ತದೆ, ಏಕೆಂದರೆ ಅಲ್ಲಿ ಕೇಳುವ ಊರಿಲ್ಲ.

ಕೃತ, ಕಾರಿತ, ಅನುಮತ ಎಂಬ ಮೂರು ಮಾತುಗಳು ಜೈನ ಬಾಲಕರಿಗೂ ತಿಳಿದವೇ. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನೋವಾಕ್ಕಾಯಗಳಿಂದಲೂ, ಈ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ ಮಣಿಗಳ ಸಂಖ್ಯೆಯನ್ನು ಹಿರಿಯರು ಇದರೊಡನೆ ಹೊಂದಿಸಿ ಹೇಳುವುದುಂಟು. ಆ ಲೆಕ್ಕದಲ್ಲಿ ಮಾಡಿಸಿದವನಿಗೆ ರಿಯಾಯಿತಿ ಇಲ್ಲ. ಚಳ್ಳಕೆರೆಯ ನೆರೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇದಕ್ಕೊಂದು ಪುರಾತನ ದೃಷ್ಟಾಂತವಿದೆ. ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಗುರುತಿಸಿದ ಅಶೋಕನ ಶಾಸನವು ಅರಸನ ಬಾಯಿಂದ ನೇರವಾಗಿ ಬಂದುದಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೇಳಿ ಕಳುಹಿಸಿದ ಮಾತು ಅದು. ಬಂಡೆಯ ಮೇಲೆ ಕಡೆದವನು ಇನ್ನಾರೋ. ಇಷ್ಟು ಕೈಗಳನ್ನು ದಾಟಿ ಬಂದರೂ ಆ ಆಜ್ಞೆ ದೇವಾನಾಂಪ್ರಿಯನದೇ ಎಂಬುದರಲ್ಲಿ ಓದಿದ ಯಾರಿಗೂ ಸಂಶಯ ಬರಲಿಲ್ಲ. ಒಳ್ಳೆಯ ಮಾತಿನ ಶ್ರೇಯಸ್ಸು ಆಡಿಸಿದವನಿಗೆ ಸಲ್ಲುವುದಾದರೆ, ತಪ್ಪಿನ ಪಾಲೂ ಅದೇ ದಾರಿಯಲ್ಲಿ ಹಿಂದಿರುಗಬೇಕಷ್ಟೆ.

ಕಾರ್ಡಿನ ವ್ಯವಹಾರದಲ್ಲಿ ತಪ್ಪು ಎಲ್ಲಿದೆ ಎಂದು ಕೇಳಬಹುದು. ಕೊಳ್ಳುವುದರಲ್ಲಿಯೇ ದೋಷವಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಬರೆಯುವ ಬೆಲೆಯನ್ನು ಕಡಮೆ ತೋರಿಸಿ ಎಂದು ಕೇಳಿಕೊಳ್ಳುವ ಆಸೆ ಬಲವಾದುದು. ಉಡುಗೊರೆಯೆಂದು ಬರೆಸುವ ಆಸೆಯೂ ಹಾಗೆಯೇ. 2019ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ರಾಖಿ ಹಾಗೂ ಜೀವರಕ್ಷಕ ಔಷಧಿಗಳನ್ನು ಬಿಟ್ಟು, ಅಂಚೆ ಮತ್ತು ಕೊರಿಯರ್ ಮೂಲಕ ಸುಂಕವಿಲ್ಲದೆ ಉಡುಗೊರೆಯೆಂದು ತರಿಸುವ ದಾರಿಯನ್ನು ಮುಚ್ಚಿತು. ಸುಳ್ಳು ಬೆಲೆಯನ್ನು ಬರೆಯುವ ಕೈ ಜಪಾನಿನದಾದರೂ ಬರೆಸಿದ ಮನಸ್ಸು ಚಳ್ಳಕೆರೆಯದು. ಸತ್ಯಾಣುವ್ರತದಲ್ಲಿ ಇದಕ್ಕೆ ಕೂಟಲೇಖಕ್ರಿಯೆ ಎಂದೂ, ಅಚೌರ್ಯಾಣುವ್ರತದಲ್ಲಿ ವಿರುದ್ಧರಾಜ್ಯಾತಿಕ್ರಮ ಎಂದೂ ಹೆಸರು. ಖೋಟಾ ಕಾರ್ಡನ್ನು ತಿಳಿದೂ ನಿಜವೆಂದು ಮಾರಿದರೆ ಅದು ಪ್ರತಿರೂಪಕವ್ಯವಹಾರ. ಒಂದು ಅಂಗೈಯಗಲದ ಕಾಗದ ಇಷ್ಟು ಅತಿಚಾರಗಳಿಗೆ ಎಡೆಗೊಡುತ್ತದೆ.

ಪರಿಗ್ರಹದ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಮೂರ್ಛೆಯೇ ಪರಿಗ್ರಹವೆಂಬ ಲಕ್ಷಣದಲ್ಲಿ ವಸ್ತುವಿನ ತೂಕಕ್ಕೆ ಸ್ಥಾನವಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಬೇರೆಯೇ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭ ಎಂಬ ಮೂರು ಇಲ್ಲಿ ಹೊಂದುತ್ತವೆ. ಮುಂದೆ ಹೆಚ್ಚು ಲಾಭ ಬಂದೀತೆಂದು ಧಾನ್ಯವನ್ನು ಮಿತಿಮೀರಿ ಕೂಡಿಡುವುದು ಅತಿಸಂಗ್ರಹವೆಂದು ವ್ಯಾಖ್ಯಾನ. ಕಾರ್ಡುಗಳ ಪೊಟ್ಟಣವನ್ನು ಒಡೆಯದೆ, ಆಡದೆ, ನೋಡದೆ, ಬೆಲೆ ಏರುವ ತನಕ ಕಪಾಟಿನಲ್ಲಿ ಇಡುವವನು ಅದನ್ನೇ ಮಾಡುತ್ತಾನೆ. ತಾನು ಮಾರಿದ ಮೇಲೆ ಬೆಲೆ ಏರಿತೆಂದು ಕೊರಗುವುದು ವಿಸ್ಮಯ. ಲೋಭವನ್ನು ವಿವರಿಸಬೇಕಾಗಿಲ್ಲ. ಪೊಟ್ಟಣವನ್ನು ಒಡೆಯುವವನಿಗೂ ಅಪಾಯವಿದೆ: ಒಳಗೆ ಏನಿದೆಯೆಂದು ತಿಳಿಯದೆ, ಅಪೂರ್ವವಾದುದು ಸಿಕ್ಕೀತೆಂಬ ಆಸೆಯಿಂದ ಮತ್ತೆ ಮತ್ತೆ ಕೊಳ್ಳುವುದು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತದ ನೆರೆಮನೆ. ಬೇಕಾದ ಒಂದೇ ಕಾರ್ಡನ್ನು ಹೆಸರು ಹೇಳಿ ಕೊಳ್ಳುವವನು ಇದಕ್ಕಿಂತ ಎಷ್ಟೋ ಮೇಲು.

ಇಷ್ಟು ಹೇಳಿದ ಮೇಲೆ ಯುವಕನ ಪರವಾಗಿಯೂ ಮಾತನಾಡಬೇಕು. ಅವನ ವಸ್ತು ಕಾಗದ. ಅದಕ್ಕಾಗಿ ತ್ರಸಜೀವವೊಂದನ್ನೂ ಕುದಿಸಿಲ್ಲ. ಗದರಿಸುವ ಹಿರಿಯರ ಕಪಾಟಿನಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ಇದ್ದೀತು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ, ಕೈಮಗ್ಗದ ಆ ನೇಯ್ಗೆಯ ಅಂದದ ವಿಷಯದಲ್ಲಿ ಎರಡು ಮಾತಿಲ್ಲ. ಅದನ್ನು ನೇಯುವವರು ಕಷ್ಟಜೀವಿಗಳು. ಆದರೆ ನೂಲು ತೆಗೆಯುವುದಕ್ಕೆ ಮೊದಲು ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಲ್ಲಲಾಗುತ್ತದೆ. ಉಟ್ಟವರು ಕೊಂದವರಲ್ಲ, ನೇಯ್ದವರೂ ಕೊಂದವರಲ್ಲ. ನಡುವೆ ನೂಲು ಬಿಚ್ಚುವವರು, ವ್ಯಾಪಾರಿ, ಅಂಗಡಿ ಹೀಗೆ ಹಲವರಿದ್ದಾರೆ. ಮಗನ ಪೆಟ್ಟಿಗೆಗೆ ಕಾರಿತದ ನಿಯಮವನ್ನು ಹಚ್ಚುವ ತಂದೆತಾಯಿಗಳು ಸೀರೆಗೆ ಅದನ್ನು ಹಚ್ಚದಿದ್ದರೆ, ಮಗನು ನಿಯಮವನ್ನು ಕಲಿಯುವುದಿಲ್ಲ, ರಿಯಾಯಿತಿಯನ್ನು ಕಲಿಯುತ್ತಾನೆ. ರೇಷ್ಮೆಯನ್ನು ಬಿಡುವ ಮನೆಯವರು ಅದೇ ಊರಿನ ನೇಕಾರರಿಂದ ಹತ್ತಿಯ ನೇಯ್ಗೆಯನ್ನು ಬೇಡಿದರೆ ಮಗ್ಗಕ್ಕೆ ಕೆಲಸ ತಪ್ಪಲಾರದು. ಆ ಮಾತನ್ನು ಮಂಡಿಯಲ್ಲಿ ಆಡುವಷ್ಟು ಸುಲಭವಾಗಿ ಮದುವೆಯ ಮನೆಯಲ್ಲಿ ಆಡಲಾಗದು ಎಂಬುದೂ ನಿಜವೇ.

ಸಂಗ್ರಹವೆಲ್ಲ ಮೂರ್ಛೆಯೆಂದೂ ಹೇಳಬಾರದು. ಮೂಡಬಿದಿರೆಯ ಭಂಡಾರದಲ್ಲಿ ತಲೆಮಾರುಗಳ ಕಾಲ ಕಾಪಿಟ್ಟ ತಾಳೆಗರಿಗಳಿಂದಲೇ ಧವಲಾ ಗ್ರಂಥ 1939ರಿಂದ ಮುದ್ರಣಗೊಳ್ಳಲು ಸಾಧ್ಯವಾಯಿತು. ಕೂಡಿಟ್ಟುದು ಯಾರಿಗಾಗಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಬಸದಿಗಳ ಟ್ರಸ್ಟುಗಳು ಚಾತುರ್ಮಾಸದಲ್ಲಿ ಯುವಕರಿಗೆ ದೇಶಾವಕಾಶಿಕ ವ್ರತವನ್ನು ಪರಿಚಯಿಸುವುದಾದರೆ ಆನಯನವನ್ನೇ ಮುಂದಿಟ್ಟು ವಿವರಿಸಬಹುದು. ಸಮಂತಭದ್ರರು ಈ ವ್ರತಕ್ಕೆ ಮನೆ, ಕೇರಿ, ಊರು, ಹೊಲ, ನದಿ, ಕಾಡುಗಳನ್ನು ಎಲ್ಲೆಯಾಗಿ ಹೇಳಿದ್ದಾರೆ. ಕಾಲವನ್ನು ವರ್ಷ, ತಿಂಗಳು, ಪಕ್ಷಗಳಿಂದ ಅಳೆಯಲೂ ಅವಕಾಶವಿದೆ. ಎಲ್ಲೆಯ ಆಚೆಗೆ ಪಾಪದ ಪ್ರವೃತ್ತಿ ನಿಂತುಹೋಗುವುದರಿಂದ ಅಷ್ಟರಮಟ್ಟಿಗೆ ಅಣುವ್ರತಿಯು ಮಹಾವ್ರತಿಯಂತಾಗುತ್ತಾನೆ ಎಂಬ ದೊಡ್ಡ ಫಲವನ್ನೂ ಹೇಳಿದೆ. ಚಳ್ಳಕೆರೆಯ ಯುವಕನು ಒಂದು ತಿಂಗಳ ಮಟ್ಟಿಗೆ ಜಿಲ್ಲೆಯ ಗಡಿಯನ್ನು ಎಲ್ಲೆಯಾಗಿ ಇಟ್ಟುಕೊಂಡನೆನ್ನಿ. ಆಗ ಒಂದು ಸಂದೇಹ ಬರುತ್ತದೆ: ವ್ರತಕ್ಕೆ ಮೊದಲೇ ಹಣ ಕೊಟ್ಟು ಕೊಂಡ ಕಾರ್ಡು ಜಪಾನಿನ ಗೋದಾಮಿನಲ್ಲಿ ಕಾದಿದೆ. ಅದನ್ನು ಆ ತಿಂಗಳಲ್ಲಿ ತರಿಸಿಕೊಳ್ಳಬಹುದೇ? ವ್ರತಕ್ಕೆ ಮೊದಲೇ ರವಾನೆಯ ಆಜ್ಞೆ ಕೊಟ್ಟಿದ್ದರೆ, ಬಾಗಿಲಿಗೆ ಬಂದ ಪೆಟ್ಟಿಗೆಯನ್ನು ಒಳಗಿಟ್ಟುಕೊಳ್ಳುವುದನ್ನು ಆನಯನವೆನ್ನುವುದು ಅತಿಯಾದೀತು. ಕೊಟ್ಟಿರದಿದ್ದರೆ ಗೋದಾಮಿನ ಬಾಡಿಗೆಯನ್ನು ತೆತ್ತು ತಿಂಗಳು ಕಳೆಯುವವರೆಗೆ ಕಾಯುವುದೇ ಲೇಸು. ಪೆಟ್ಟಿಗೆಯನ್ನು ಕಟ್ಟುವ ಮೊದಲು ಇದರ ಜೊತೆಗೆ ಇನ್ನೊಂದನ್ನು ಸೇರಿಸಿರಿ, ಸಾಗಣೆಯ ಖರ್ಚು ಉಳಿದೀತು ಎಂದು ಬರೆದು ಕಳುಹಿಸಿದನೋ, ಅತಿಚಾರವು ಆ ಸಾಲಿನಲ್ಲಿಯೇ ಘಟಿಸಿತು. ಆ ಇನ್ನೊಂದು ಕಾರ್ಡು ಕೊನೆಗೆ ಸಿಕ್ಕದೆ ಹೋದರೂ ಸರಿಯೆ.