ಬಿದ್ದ ರೋಬೋಗೆ ಅಯ್ಯೋ ಪಾಪ

2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ ಮನುಷ್ಯರ ಜೊತೆ ರೋಬೋಗಳೂ 21 ಕಿಲೋಮೀಟರ್ ಓಡಿದವಲ್ಲ, ಅದರ ವಿಡಿಯೋ ನೋಡ್ತಿದ್ದೆ. ಓಟ ಶುರುವಾಗುವ ಗೆರೆಯಲ್ಲೇ ಒಂದು ರೋಬೋ ದೊಪ್ಪಂತ ಬಿತ್ತು. "ಅಯ್ಯೋ ಪಾಪ" ಅಂದುಬಿಟ್ಟೆ. ಆಮೇಲೆ ನಗು ಬಂತು. ನೋವೇ ಆಗದ್ದಕ್ಕೆ ಎಂಥ ಪಾಪ?

ಮನುಷ್ಯರಲ್ಲಿ ಗೆದ್ದವನು ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಸಿದ. ರೋಬೋಗಳಲ್ಲಿ ಗೆದ್ದದ್ದಕ್ಕೆ ಹಿಡಿದದ್ದು 2 ಗಂಟೆ 40 ನಿಮಿಷ. ನಡುವೆ ಮೂರು ಸಲ ಬ್ಯಾಟರಿ ಬದಲಾಯಿಸಬೇಕಾಯ್ತು. ಅದರ ಪಕ್ಕದಲ್ಲೇ ಎಂಜಿನಿಯರುಗಳೂ ಓಡುತ್ತಿದ್ದರು. ಅವರ ಏದುಸಿರಿನ ಕಡೆ ನನ್ನ ಗಮನವೇ ಹೋಗಿರಲಿಲ್ಲ.

ಇದೇನು ಹೊಸದಲ್ಲ. 1770ರಲ್ಲಿ ವಿಯೆನ್ನಾದಲ್ಲಿ ಕೆಂಪೆಲೆನ್ ಎಂಬಾತ ಚೆಸ್ ಆಡುವ ಗೊಂಬೆಯನ್ನು ತೋರಿಸಿ ಎಲ್ಲರನ್ನೂ ಬೆರಗುಗೊಳಿಸಿದ. ನಿಜಕ್ಕೂ ಆಡುತ್ತಿದ್ದವನು ಪೆಟ್ಟಿಗೆಯೊಳಗೆ ಮುದುಡಿ ಕೂತಿರುತ್ತಿದ್ದ. 2024ರಲ್ಲಿ ಟೆಸ್ಲಾದ ಆಪ್ಟಿಮಸ್ ರೋಬೋಗಳು ಅತಿಥಿಗಳ ಜೊತೆ ಹರಟಿದಾಗಲೂ ದೂರದಿಂದ ಮನುಷ್ಯರೇ ನೆರವಾಗುತ್ತಿದ್ದರು.

2017ರಲ್ಲಿ ಸೌದಿ ಅರೇಬಿಯಾ ಸೋಫಿಯಾ ಎಂಬ ರೋಬೋಗೆ ಪೌರತ್ವ ಘೋಷಿಸಿತು. ಆಗಿನ್ನೂ ಅಲ್ಲಿನ ಹೆಣ್ಣುಮಕ್ಕಳು ಕಾರು ಓಡಿಸುವ ಹಾಗಿರಲಿಲ್ಲ!

ರೋಬೋಗಳು ಇನ್ನೂ ಚುರುಕಾಗುತ್ತವೆ, ಬೀಳದೆ ಓಡುತ್ತವೆ. ಅದು ನನ್ನ ಚಿಂತೆಯಲ್ಲ. ಕಣ್ಣು ಮೂಗು ಇದ್ದದ್ದಕ್ಕೆಲ್ಲ ಮನುಷ್ಯತ್ವ ಕೊಡೋಕೆ ನಮಗೆ ಕ್ಷಣ ಸಾಕು. ಹಿಂದೆ ನಿಂತು ದುಡಿಯೋ ಮನುಷ್ಯ ಮಾತ್ರ ನಮ್ಮ ಕಣ್ಣಿಗೆ ಬೀಳೋದಿಲ್ಲ. ಪಾಪ ಅಂದದ್ದು ತಪ್ಪು ಅಂತ ಈಗಲೂ ಅನ್ನಿಸಲ್ಲ. ಆದರೆ ಅದೇ ವಿಡಿಯೋವನ್ನ ಇನ್ನೊಮ್ಮೆ ಹಾಕಿಕೊಂಡೆ, ಈ ಸಲ ಪಕ್ಕದಲ್ಲಿ ಓಡ್ತಿದ್ದವರನ್ನ ನೋಡೋಕೆ.